ಮಸುಕು ನೀಲಿ ಕಣಗಳು

"ನನ್ನ ಮಕ್ಕಳು ಪಾಠ ಕಲಿತ್ರಾ, ಟೀಚರಮ್ಮಾ?"

ರಕ್ತದ ಸ್ಯಾಂಪಲ್ ತರಲು ವಾರ್ಡಿಗೆ ಹೋದಾಗಲೆಲ್ಲ ಬೀಗ ರಿಪೇರಿ ಕೆಲಸದ ಆ ರೋಗಿಯದು ಇದೇ ಪ್ರಶ್ನೆ. ಅವನಿಗೆ ರಕ್ತದ ಕ್ಯಾನ್ಸರ್. ಹಳೆಯ ಔಷಧಿಗಳೆಲ್ಲ ಕೈಕೊಟ್ಟ ಮೇಲೆ ಈ ಹೊಸ ಚಿಕಿತ್ಸೆ: ಅವನದೇ ಬಿಳಿ ರಕ್ತಕಣಗಳನ್ನು ಹೊರತೆಗೆದು, ಕ್ಯಾನ್ಸರನ್ನು ಗುರುತು ಹಿಡಿದು ಕೊಲ್ಲುವಂತೆ ತಿದ್ದಿ, ಬೆಳೆಸಿ, ಮತ್ತೆ ಅವನ ಮೈಗೇ ಸೇರಿಸುವುದು. ಆ ಕಣಗಳೇ ಅವನ 'ಮಕ್ಕಳು'; ಬೆಳೆಸುವ ಲ್ಯಾಬಿನಲ್ಲಿ ಅವನ್ನು ಎಣಿಸುವವಳು ನಾನು.

"ನಿಮ್ಮ ಹಾಗೇ. ಬರೀ ತರಲೆ," ಎಂದೆ.

ಅವನು ನಕ್ಕ. ರೆಪ್ಪೆಗೂದಲೂ ಉದುರಿದ್ದ ಆ ಕಣ್ಣುಗಳು ನನ್ನ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತವು. ನಾನು ಲೇಬಲನ್ನು ಎರಡನೇ ಸಲ ಓದಿದೆ.

"ಏಳೋಕೆ ತ್ರಾಣ ಇಲ್ಲ, ಇದಕ್ಕೆ ಮಾತ್ರ ಇದೆ!" ಎಂದು ಪಕ್ಕದ ಕುರ್ಚಿಯಲ್ಲಿದ್ದ ಅವನ ಅಕ್ಕ ಗದರಿದಳು.

ಕಣಗಳನ್ನು ಬೆಳೆಯಲು ಇಟ್ಟ ಹತ್ತನೆಯ ದಿನ ಕೊನೆಯ ಎಣಿಕೆ. ಎಣಿಸುವ ಮುನ್ನ ನಾವು ಬೆರೆಸುವ ಬಣ್ಣವನ್ನು ಹೀರಿ ಸತ್ತ ಕಣ ನೀಲಿಯಾಗುತ್ತದೆ, ಬದುಕಿರುವುದು ಬೆಳ್ಳಗೆ ಉಳಿಯುತ್ತದೆ. ನಡುವೆ ಕೆಲವು ಮಸುಕು ನೀಲಿ. ಅವನ್ನು ಸತ್ತವೆಂದೇ ಬರೆಯುವುದು ನಮ್ಮ ನಿಯಮ. ಆ ದಿನ ನಾನು ಬದುಕಿದವುಗಳ ಜೊತೆ ಸೇರಿಸಿದೆ. ಸಂಖ್ಯೆ ಚಿಕಿತ್ಸೆಗೆ ಬೇಕಾದಷ್ಟಾಯಿತು.

ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು ಅವನ ಚಿಕಿತ್ಸೆಯ ಪಟ್ಟಿ ತೆರೆದೆ. ಕಣ ಕೊಡುವ ಮುನ್ನ ಅವನಲ್ಲಿ ಉಳಿದಿರುವ ರೋಗನಿರೋಧಕ ಶಕ್ತಿಯನ್ನೂ ಔಷಧಿಯಿಂದ ಅಳಿಸುತ್ತಾರೆ. ಸಂಜೆಯೇ ಅದು ಶುರು. ಆಮೇಲೆ ಕಣ ಸಾಲದಿದ್ದರೆ ಕ್ಯಾನ್ಸರೂ ಹೋಗದು, ಸಣ್ಣ ಸೋಂಕು ತಗುಲಿದರೂ ಅವನು ಉಳಿಯುವುದಿಲ್ಲ.

ಮೇಲ್ವಿಚಾರಕರ ಮುಂದೆ ಹೋಗಿ ನಿಂತೆ.

"ಸರ್, ನನ್ನ ಎಣಿಕೆ ನಂಬಬೇಡಿ."

"ಯಾಕಮ್ಮಾ? ಮೂರು ಸಲ ನೋಡದೆ ಸಹಿ ಹಾಕೋಳಲ್ವಲ್ಲ ನೀನು."

"ಅವರು ಬದುಕಬೇಕು ಅಂತ ಎಣಿಸಿದೆ, ಸರ್. ಅವರು ನನಗೆ ಬೇಕು."

ಅವನಿಗೆ ಹೇಳಬೇಕಾದ ಮಾತು ಹೀಗೆ ಇನ್ಯಾರದೋ ಮೇಜಿನ ಮುಂದೆ ಬಿತ್ತು. ಮೇಲ್ವಿಚಾರಕರು ತಾವೇ ಎಣಿಸಿದರು. ಕಣಗಳು ಸಾಲುವಷ್ಟಿರಲಿಲ್ಲ. ಸಂಜೆಯ ಔಷಧಿಯನ್ನು ತಡೆದರು, ಅವನ ಫೈಲು ನನ್ನ ಕೈಯಿಂದ ಬೇರೆಯವರಿಗೆ ಹೋಯಿತು.

ಡಾಕ್ಟರು ವಿಷಯ ತಿಳಿಸಿ ಹೋದ ಮೇಲೆ ನಾನು ವಾರ್ಡಿಗೆ ಹೋಗಿ ಎಲ್ಲ ಹೇಳಿದೆ. ತಪ್ಪನ್ನೂ, ತಪ್ಪಿನ ಕಾರಣವನ್ನೂ.

ಅವನು ದಿಂಬಿನ ಮೇಲೆ ತಲೆಯನ್ನು ನನ್ನ ಕಡೆ ತಿರುಗಿಸಿದ. "ಮತ್ತೆ ಬೆಳೆಸಬಹುದಾ?"

"ಬಹುದು. ಮತ್ತೆ ರಕ್ತ ತೆಗೀಬೇಕು. ತಿದ್ದಿ ಬೆಳೆಸೋದೂ ಸೇರಿ ಮೂರು ವಾರ ಆಗುತ್ತೆ."

"ನನ್ನ ಹತ್ರ ಮೂರು ವಾರ ಇದ್ಯಾ?"

"ಗೊತ್ತಿಲ್ಲ," ಎಂದೆ. ಅದಕ್ಕಿಂತ ಒಂದು ಮಾತೂ ಹೆಚ್ಚು ಸೇರಿಸಲಿಲ್ಲ.

"ಈ ಸಲ ಎಣಿಸೋದು ಯಾರು?"

"ಬೇರೆಯವರು. ನಾನು ಇಲ್ಲೇ ಇರ್ತೀನಿ, ನಿಮ್ಮ ಹತ್ರ."

"ದಿನಾನಾ?"

"ದಿನಾ."

ಅವನು ಸೂಜಿ ಚುಚ್ಚಿದ್ದ ಕೈಯನ್ನು ನಿಧಾನವಾಗಿ ನನ್ನ ಕಡೆ ಸರಿಸಿದ. ಅಕ್ಕ ಕುರ್ಚಿಯಿಂದ ಎದ್ದಳು.

"ಕೂತ್ಕೋಮ್ಮಾ. ನಾನು ಸ್ವಲ್ಪ ಹೊರಗೆ ಹೋಗಿ ಅತ್ತು ಬರ್ತೀನಿ."