ಪಟ್ಟಿಯಲ್ಲಿಲ್ಲದ ನಲವತ್ತೇಳನೆಯ ಕೆಲಸ

ಒಪ್ಪಿಗೆ ಪಡೆದ ಪಟ್ಟಿಯಲ್ಲಿ ಇದ್ದದ್ದು ನಲವತ್ತಾರು ಕೆಲಸ. ಸರ್ವರ್ ಹೊತ್ತು ಹೊತ್ತಿಗೆ ತಾನಾಗಿ ಮಾಡುತ್ತಿದ್ದದ್ದು ನಲವತ್ತೇಳು. ಆಡಿಟರ್ ಪೇಯ್‌ಲಿಂಗ್ ಮೂರು ಸಲ ಎಣಿಸಿದಳು. ಇಲಿ ಸಿಕ್ಕ ಬೆಕ್ಕಿನಷ್ಟು ಖುಷಿ ಅವಳಿಗೆ.

ಥೈಚುಂಗ್ ಊರಿನ ಆ ಸೈಕಲ್ ಕಾರ್ಖಾನೆಯ ಸರ್ವರ್ ಕೋಣೆಯಲ್ಲಿ ಪ್ರತಿ ಯಂತ್ರದ ನೆತ್ತಿಯ ಮೇಲೂ ಹಸಿರು ಕುರುಕಲು ಪೊಟ್ಟಣ. ಅದಿದ್ದರೆ ಯಂತ್ರ ಹಟ ಮಾಡುವುದಿಲ್ಲ, ತಾರೀಖು ಮಾತ್ರ ಮೀರಿರಬಾರದು ಎಂದು ಅಲ್ಲಿಯವರ ನಂಬಿಕೆ. ಕೋಣೆ ನೋಡಿಕೊಳ್ಳುವ ಬೋಯೆನ್ ಪೊಟ್ಟಣಗಳ ತಾರೀಖು ನೋಡುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಕಿವಿ ಮಾತ್ರ ಕೆಂಪಗಾಗಿತ್ತು.

"ಈ ನಲವತ್ತೇಳನೇ ಕೆಲಸಾನ ಯಾರು ಹಾಕಿದ್ದು?"

"ನಾನೇ, ಮೇಡಂ."

"ಏನ್ ಮಾಡುತ್ತೆ?"

"ಏಸೀನ ಇಪ್ಪತ್ತರಿಂದ ಇಪ್ಪತ್ಮೂರಕ್ಕೆ ಏರ್ಸುತ್ತೆ. ಎರಡೇ ಗಂಟೆ. ಯಂತ್ರಕ್ಕೇನೂ ಆಗಲ್ಲ."

"ದಿನಾನಾ?"

"ವರ್ಷಕ್ಕೆ ನಾಕು ದಿನ."

ಯಾವ ನಾಲ್ಕು ದಿನ? ಪರದೆಯ ಮೇಲಿನ ತಾರೀಖುಗಳನ್ನು ನೋಡಿದಳು. ಹಬ್ಬವಲ್ಲ, ತಿಂಗಳ ಕೊನೆಯೂ ಅಲ್ಲ. ಕುತೂಹಲ ತಡೆಯಲಾರದೆ ತನ್ನ ಡೈರಿ ತೆರೆದಳು. ನಾಲ್ಕೂ ಅವಳು ಇಲ್ಲಿಗೆ ಬಂದ ದಿನಗಳೇ! ಪೆನ್ನು ಹಿಡಿದ ಕೈ ನಿಂತೇಹೋಯಿತು.

"ಒಪ್ಪಿಗೆ ಯಾಕೆ ತಗೊಳ್ಳಿಲ್ಲ?" ದನಿ ತಾನಾಗಿ ತಗ್ಗಿತ್ತು.

"ಫಾರಂನಲ್ಲಿ ಕಾರಣ ಬರೀಬೇಕಲ್ಲ. ಮ್ಯಾನೇಜರ್ ಓದ್ತಾರೆ."

"ಈಗ ನಾನೂ ಕಾರಣ ಬರೀಬೇಕು. ಹೇಳಿ."

ಬೋಯೆನ್ ತಿರುಗಿದ. "ಹೋದ ವರ್ಷ ಇಲ್ಲಿ ಕೂತು ಹನ್ನೊಂದು ಸಲ ಸೀನಿದ್ರಿ. ನನ್ನ ಮನಸ್ಸು ತಡೀಲಿಲ್ಲ. ನೀವು ಬರೋ ದಿನಾನೇ ಕಾಯ್ತಾ ಇರ್ತೀನಿ, ಮೇಡಂ."

ಪೇಯ್‌ಲಿಂಗ್ ವರದಿಯ ಖಾಲಿ ಸಾಲು ನೋಡಿದಳು. ಬರೆದರೆ ಅವನಿಗೆ ನೋಟಿಸ್. ಈ ಕೋಣೆಯಿಂದಲೇ ಎತ್ತಂಗಡಿಯಾದರೂ ಆದೀತು. ಮುಚ್ಚಿಟ್ಟರೆ ಅವಳ ಸಹಿಗೆ ಮೂರು ಕಾಸಿನ ಬೆಲೆಯಿಲ್ಲ.

"ಬರೀರಿ," ಅಂದ ಅವನು. "ನನಗೋಸ್ಕರ ಸುಳ್ಳಿಗೆ ಸಹಿ ಹಾಕ್ಬೇಡಿ."

ಆ ಒಂದು ಮಾತಿಗೆ ಪೇಯ್‌ಲಿಂಗ್ ಸೋತಳು. ಆದರೂ ಬರೆದಳು: ಒಪ್ಪಿಗೆಯಿಲ್ಲದೆ ಓಡುತ್ತಿರುವ ಕೆಲಸ, ಒಂದು. ಕಾರಣ, ಆಡಿಟರ್‌ಗೆ ಚಳಿ. ಒಂದಕ್ಷರವೂ ಬಿಡದೆ ಬರೆದು, ಫೋನ್ ಎತ್ತಿಕೊಂಡು ತನ್ನ ಬಾಸ್‌ಗೆ ಕರೆ ಮಾಡಿದಳು.

"ಸರ್, ಈ ಕಂಪನಿ ಆಡಿಟ್ ಬೇರೆಯವ್ರಿಗೆ ಕೊಟ್ಬಿಡಿ. ನಾನು ಬರೆದದ್ದನ್ನೂ ಅವರು ಇನ್ನೊಂದ್ಸಲ ನೋಡ್ಲಿ."

"ಯಾಕಮ್ಮಾ, ಜಗಳ ಆಯ್ತಾ?"

"ಆಡಿಟ್ ಮಾಡೋರಿಗೆ ಅಲ್ಲಿನವ್ರ ಜೊತೆ ಸಂಬಂಧ ಇರ್ಬಾರ್ದು ಅಂತ ನಮ್ಮ ನಿಯಮ ಅಲ್ವಾ, ಸರ್? ನನಗೆ ಇದೆ."

"ಸಂಬಂಧಾನಾ! ಯಾವಾಗಿಂದ?"

ಪೇಯ್‌ಲಿಂಗ್ ಬಾಯಿ ತೆರೆದು ನಿಂತಿದ್ದ ಬೋಯೆನ್‌ನನ್ನು ನೋಡಿದಳು. ಆಮೇಲೆ ಗೋಡೆಯ ಗಡಿಯಾರ ನೋಡಿದಳು.

"ಈಗ, ಎರಡೂ ಹತ್ತರಿಂದ, ಸರ್."