ಬೀಗದೊಳಗಿದ್ದ ಪಾಸ್‌ಪೋರ್ಟ್

“ನಿಮ್ಗೆ ನಾಚಿಕೆ ಆಗಲ್ವಾ?”

ಕಾರಿನ ಬಾಗಿಲಿಗೆ ಕೈಹಾಕಿದ್ದ ಲವೀನಿಯಾ ಬೆಚ್ಚಿ ತಿರುಗಿದಳು. ಆಸ್ಟ್ರೇಲಿಯಾದ ಕಬೂಲ್ಚರ್‌ನ ಆ ಸ್ಟ್ರಾಬೆರಿ ತೋಟದಲ್ಲಿ ಹಣ್ಣು ಕೀಳುವ ಯುವಕ ತೆವಿತಾ ಎದುರಿಗೆ ನಿಂತಿದ್ದ. ಅಬ್ಬಾ, ಏನು ಕೋಪ ಆ ಕಣ್ಣಲ್ಲಿ!

“ಎಲ್ಲಾ ಚೆನ್ನಾಗಿದ್ಯಾ ಅಂತ ಮೇಸ್ತ್ರಿ ಎದುರಿಗೇ ಕೇಳಿದ್ರಲ್ಲ... ಅವ್ರು ನಮ್ಮ ಚರ್ಚಿನ ಹಿರಿಯರು. ಹಿರಿಯರ ಎದುರು ದೂರು ಹೇಳೋ ಟೋಂಗಾದವ್ರನ್ನ ಎಲ್ಲಾದ್ರೂ ನೋಡಿದ್ದೀರಾ? ನೀವೂ ನಮ್ಮ ದ್ವೀಪದವ್ರೇ ತಾನೆ?”

ಅವಳ ಮುಖ ಸಪ್ಪಗಾಯಿತು. ಬ್ರಿಸ್ಬೇನ್‌ನಲ್ಲಿ ಬೆಳೆದರೇನು, ಇಷ್ಟೂ ಹೊಳೆಯಬಾರದೇ! ತಮಗೆ ಸರಕು ಒದಗಿಸುವವರಲ್ಲಿ ಯಾರಾದರೂ ಜೀತದಂತೆ ದುಡಿಯುತ್ತಿದ್ದಾರೆಯೇ ಎಂಬುದನ್ನು ದೊಡ್ಡ ಕಂಪನಿಗಳು ಪ್ರತಿವರ್ಷ ಎಲ್ಲರಿಗೂ ತಿಳಿಯುವಂತೆ ಹೇಳಬೇಕೆಂಬುದು ಕಾನೂನು. ಅವಳ ಸೂಪರ್‌ಮಾರ್ಕೆಟ್ ಕಂಪನಿಯಲ್ಲಿ ಆ ಹೇಳಿಕೆ ಬರೆಯುವವಳು ಅವಳೇ; ಕಂಪನಿಗೆ ಹಣ್ಣು ಕೊಡುವ ಈ ತೋಟಕ್ಕೆ ವಿಚಾರಿಸಲು ಬಂದಿದ್ದೂ ಅದಕ್ಕೇ.

ಭಾನುವಾರ ತೆವಿತಾನನ್ನೂ ಅವನ ಜೊತೆಗಾರರನ್ನೂ ತನ್ನ ಚಿಕ್ಕಮ್ಮನ ಮನೆಗೆ ಊಟಕ್ಕೆ ಕರೆದಳು. ಕೆಸುವಿನೆಲೆಯಲ್ಲಿ ಮಾಂಸ ಸುತ್ತುತ್ತಾ ಎಲ್ಲರೂ ಬಾಯಿ ಬಿಟ್ಟರು. ಪಾಸ್‌ಪೋರ್ಟುಗಳೆಲ್ಲ ಮೇಸ್ತ್ರಿಯ ಬೀರುವಿನಲ್ಲಿ ಬೀಗದೊಳಗೆ! ಕೇಳಿದರೆ, ‘ಜೋಪಾನವಾಗಿವೆ’ ಎಂಬ ಉತ್ತರ.

“ಊರಲ್ಲಿ ಅಮ್ಮಂಗೆ ಹುಷಾರಿಲ್ಲ,” ತೆವಿತಾ ತಲೆ ತಗ್ಗಿಸಿದ. “ನಾನು ಹೋಗೋ ಹಾಗಿಲ್ಲ.”

ಕೈಯಲ್ಲಿದ್ದ ಎಲೆ ಬದಿಗಿಟ್ಟು ಅವಳು ಅವನ ಪಕ್ಕ ಬಂದು ಕುಳಿತಳು. ಬರೀ ಕರುಣೆಯೇ ಅದು? ಅಲ್ಲವೆಂದು ಅವಳಿಗೇ ಗೊತ್ತಿತ್ತು.

“ಬರೀತೀನಿ,” ಎಂದಳು.

ವಾರಗಳು ಕಳೆದರೂ ಸುದ್ದಿಯಿಲ್ಲ. ‘ಇವಳೂ ಅಷ್ಟೇ...’ ಎಂದುಕೊಂಡ ತೆವಿತಾ ಅವಳ ಫೋನ್ ಎತ್ತುವುದನ್ನೇ ಬಿಟ್ಟ. ಪಾಪ, ಅವಳು ಎಷ್ಟು ಅತ್ತಳೋ!

ಇತ್ತ ಮ್ಯಾನೇಜರು, “ಆ ಪಾಸ್‌ಪೋರ್ಟ್ ಸಾಲು ತೆಗಿಯಮ್ಮ, ಕಂಪನಿ ಮಾನ ಹೋಗುತ್ತೆ,” ಎಂದು ಪಟ್ಟು ಹಿಡಿದಿದ್ದರು.

“ಪಾಸ್‌ಪೋರ್ಟ್ ವಾಪಸ್ ಕೊಡಿಸಿ, ಕೊಡಿಸಿದ್ವಿ ಅಂತಾನೂ ಬರೀತೀನಿ. ಸಾಲು ತೆಗೀಲೇಬೇಕು ಅಂದ್ರೆ ನನ್ನನ್ನೇ ತೆಗೀರಿ!”

ಕೊನೆಗೆ ಆ ಸಾಲು ಆಡಳಿತ ಮಂಡಳಿಯ ಮುಂದೆ ಹೋಯಿತು. ಸಹಿ ಹಾಕಬೇಕಿದ್ದ ಅಧ್ಯಕ್ಷೆ ಅದನ್ನು ಓದಿ ಪೆನ್ನು ಕೆಳಗಿಟ್ಟರು. ಮೊದಲು ಮೇಸ್ತ್ರಿಯ ಬೀರು ತೆರೆಸಿ ಪಾಸ್‌ಪೋರ್ಟುಗಳನ್ನು ಕೊಡಿಸಿದರು, ಆಮೇಲೆ ಸಹಿ ಹಾಕಿದರು.

ಮರುದಿನ ಸಂಜೆ ಕಚೇರಿಯ ಬಾಗಿಲಲ್ಲಿ ತೆವಿತಾ! ಕೈಯಲ್ಲಿ ಪಾಸ್‌ಪೋರ್ಟ್.

“ತಪ್ಪು ತಿಳ್ಕೊಂಡ್ಬಿಟ್ಟೆ ಲವೀನಿಯಾ... ನಾಳೆ ಅಮ್ಮನ್ನ ನೋಡೋಕೆ ಹೊರಟಿದ್ದೀನಿ.”

ಅವಳು ಕಣ್ಣು ತಪ್ಪಿಸಿದಳು. “ಹೋಗಿ ಬಾ...”

“ಬಂದೇ ಬರ್ತೀನಿ. ನಿನ್ನ ಪ್ರೀತಿಸ್ತೀನಿ ಕಣೆ! ವಾಪಸ್ ಬಂದ್ಮೇಲೆ ಇದನ್ನ ನೀನೇ ಇಟ್ಕೋ, ಆಮೇಲೆ ಎಲ್ಲೂ ಹೋಗಲ್ಲ.”

ಅವಳು ಅಳುತ್ತಲೇ ನಕ್ಕಳು. ಪಾಸ್‌ಪೋರ್ಟನ್ನು ಅವನ ಅಂಗಿಯ ಜೇಬಿಗೆ ಹಾಕಿ, ಮೇಲೆ ಅಂಗೈ ಇಟ್ಟಳು.

“ಬೇಡಪ್ಪ! ಬೇಕು ಅಂದಾಗ ಹೋಗು, ಬರ್ಬೇಕು ಅನ್ಸಿದಾಗ ಬಾ.”

“ನಿನ್ನ ಹತ್ರಾನೇ ಇದ್ಬಿಡೋಣ ಅನ್ಸಿದ್ರೆ?”

“ಆಗ್ಲೂ ಇದು ನಿನ್ನ ಜೇಬಲ್ಲೇ ಇರ್ಲಿ... ನೀನು ಮಾತ್ರ ನನ್ನ ಹತ್ರ ಇರು.”