ಕೆಂಪು ಹಸುವಿನ ಸಾಕ್ಷಿ

ಗೂಟ ಇತ್ತು. ಹಗ್ಗ ಇತ್ತು. ಹಸು ಇರಲಿಲ್ಲ.

ಡಾಗ್ನಿ ಹಾಲಿನ ಬಕೆಟ್ಟನ್ನು ಹುಲ್ಲಿನ ಮೇಲಿಟ್ಟು ಮತ್ತೊಮ್ಮೆ ಎಣಿಸಿದಳು. ಸಾಲಾಗಿ ಐದು ಗೂಟ, ನಾಲ್ಕು ಕೆಂಪು ಹಸು. ಐದನೆಯ ಗೂಟದ ಬುಡದಲ್ಲಿ, ಕಾಣೆಯಾದ ಹಸು ಸೋಫಿಯ ಕಿವಿಯ ನಂಬರಿನ ಬಿಲ್ಲೆ ಬಿದ್ದಿತ್ತು. ಅದರ ಅಂಚಿನಲ್ಲಿ ರಕ್ತ ಒಣಗಿತ್ತು.

ಎಂಟು ಗಂಟೆಗೆ ಪೊಲೀಸ್ ಬೆಂಟ್ಸನ್ ಬಂದ. ಒಂಬತ್ತಕ್ಕೆ ಕಳ್ಳನನ್ನು ಹಿಡಿದದ್ದೂ ಆಯಿತು! ಡಾಗ್ನಿಯ ಆಳು ವಿಗ್ಗೊ, ಹಿಂದೊಮ್ಮೆ ಸೈಕಲ್ ಕದ್ದು ನಾಲ್ಕು ತಿಂಗಳು ಜೈಲಿನಲ್ಲಿದ್ದವನು. ಡೆನ್ಮಾರ್ಕಿನ ಆ ಪುಟ್ಟ ದ್ವೀಪದಲ್ಲಿ ಅಷ್ಟು ಸಾಲದೇ? ಮಧ್ಯಾಹ್ನ ಎರಡರ ದೋಣಿಯಲ್ಲಿ ಅವನನ್ನು ಆಚೆ ದಡದ ಠಾಣೆಗೆ ಒಯ್ಯುವುದೆಂದು ಬೆಂಟ್ಸನ್ ತೀರ್ಮಾನಿಸಿದ.

ಹನ್ನೆರಡಕ್ಕೆ ಡಾಗ್ನಿ ಶಾಲೆಯ ಬಾಗಿಲು ಬಡಿದಳು.

ಥೋರ್ವಾಲ್ಡ್ ಮುಂಕ್ ಮೇಷ್ಟ್ರು ಆಗಷ್ಟೇ ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ, ಒಂದು ತುಂಡು ರೈ ಬ್ರೆಡ್ಡಿನ ಮುಂದೆ ಕುಳಿತಿದ್ದರು. ಮಂಡಿ ನೋಯುತ್ತಿತ್ತು. ಮೂವತ್ತೊಂದು ವರ್ಷ ಅದೇ ಪಾಠ, ಕಿಟಕಿಯಾಚೆ ನೋಡುವ ಅವೇ ಕಣ್ಣುಗಳು. ಬರುವ ಜೂನಿಗೆ ನಿವೃತ್ತಿ. ಊರಿನ ಜಗಳಗಳಿಗೆ ಮಾತ್ರ ನಿವೃತ್ತಿ ಇರಲಿಲ್ಲ. ಎಲ್ಲವೂ ಕೊನೆಗೆ ಅವರ ಮೇಜಿಗೇ ಬರುತ್ತಿದ್ದವು.

"ಮೇಷ್ಟ್ರೇ, ವಿಗ್ಗೊ ಕದ್ದಿಲ್ಲ."

"ಅವನ ಕೈ ಚಿಕ್ಕಂದಿನಿಂದಲೂ..." ಮೇಷ್ಟ್ರು ಅಷ್ಟಕ್ಕೇ ನಿಲ್ಲಿಸಿದರು. ಅವರ ಕೈ ಯಾಕೋ ತಮ್ಮದೇ ಕೋಟಿನ ಜೇಬಿನತ್ತ ಹೋಯಿತು. "ಹೋಗ್ಲಿ. ಕದ್ದಿಲ್ಲ ಅಂತ ಹೇಗೆ ಹೇಳ್ತೀಯ?"

"ಸೋಫಿ ಕರು ಹಾಕೋವಾಗ ಮೂರು ದಿನ ಅದರ ಪಕ್ಕದಿಂದ ಎದ್ದಿರ್ಲಿಲ್ಲ ಅವನು."

"ಬೆಂಟ್ಸನ್‌ಗೆ ಹೇಳಿದ್ಯಾ?"

"ಹೇಳ್ದೆ. ಪ್ರೀತಿಗೀತಿ ಎಲ್ಲ ಕಾನೂನಲ್ಲಿ ಬರಲ್ಲ ಅಂದ. ಈ ಸಲ ಒಳಗೆ ಹೋದ್ರೆ ಅವನು ವಾಪಸ್ ಬರೋದಿಲ್ಲ ಮೇಷ್ಟ್ರೇ. ಬಂದ್ರೂ ಯಾರೂ ಕೆಲಸ ಕೊಡಲ್ಲ."

ಮೇಷ್ಟ್ರು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಟ್ಟು ಎದ್ದರು.

ದ್ವೀಪದಲ್ಲಿ ಲಾಕಪ್ ಇಲ್ಲ. ವಿಗ್ಗೊ ಬೆಂಟ್ಸನ್‌ನ ಅಡುಗೆಮನೆಯಲ್ಲಿ ಕಾಫಿಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದ. ಕಾಫಿ ಮುಟ್ಟಿರಲಿಲ್ಲ.

"ಹಸು ಎಲ್ಲಿ, ಬೆಂಟ್ಸನ್?" ಎಂದರು ಮೇಷ್ಟ್ರು.

"ಅದನ್ನ ಇವನು ಬಾಯಿಬಿಡ್ತಿಲ್ಲ."

"ದೋಣಿಯಲ್ಲಿ ಹೋಯ್ತಾ?"

"ಇವತ್ತಿನ ದೋಣಿ ಇರೋದೇ ಎರಡಕ್ಕೆ."

"ಅಂದ್ರೆ ಹಸು ಇಲ್ಲೇ ಇದೆ."

"ಎಲ್ಲಿ? ಹನ್ನೊಂದು ಮನೆಗೂ ಹೋಗಿ ಎಣಿಸ್ದೆ. ಯಾರ ಹತ್ರಾನೂ ಒಂದು ಬಾಲ ಹೆಚ್ಚಿಲ್ಲ. ಬಿಲ್ಲೆ ಕಿತ್ತಿದಾನೆ ಅಂದ್ರೆ ಕಡಿಯೋಕೇ ತಾನೇ?"

ಮೇಷ್ಟ್ರು ವಿಗ್ಗೊನ ಕಡೆ ತಿರುಗಿದರು. "ಬಿಲ್ಲೆ ಇಲ್ಲದೆ ಸೋಫಿನ ಗುರುತು ಹಿಡಿಯೋದು ಹೇಗೆ?"

"ನಾನು ಹಿಡೀತೀನಿ. ಬೇರೆಯೋರಿಗೆ ಎಲ್ಲಾ ಒಂದೇ ಕೆಂಪು. ಒಂದು ಮಚ್ಚೆನೂ ಇಲ್ಲ." ವಿಗ್ಗೊ ಬಲಗೈ ಚಾಚಿದ. ತೋರುಬೆರಳಿನ ಮೇಲೆ ಗಾಯದ ಕಲೆ. "ಮಾರ್ಚಲ್ಲಿ ಅಯಸ್ಕಾಂತ ನುಂಗಿಸೋವಾಗ ಕಚ್ಚಿದ್ದು. ಒಳ್ಳೆ ಹಲ್ಲು ಅದರದು."

ಹಾಲಿನ ಹಸುಗಳಿಗೆ ಬೆರಳುದ್ದದ ಅಯಸ್ಕಾಂತ ನುಂಗಿಸುವುದು ಅಲ್ಲಿ ಆಗಷ್ಟೇ ಬಂದ ರೂಢಿ. ಹುಲ್ಲಿನೊಡನೆ ಹೊಟ್ಟೆಗಿಳಿದ ಮೊಳೆ, ತಂತಿ ಅದಕ್ಕೆ ಅಂಟಿಕೊಂಡು ಕೂರುತ್ತವೆ, ಗುಂಡಿಗೆಗೆ ಚುಚ್ಚುವುದಿಲ್ಲ. ಅಯಸ್ಕಾಂತ ಹಸು ಸಾಯುವವರೆಗೂ ಒಳಗೇ ಇರುತ್ತದೆ.

"ಇವನ ಬೆರಳಿಗೂ ಕಳ್ಳತನಕ್ಕೂ ಏನ್ ಸಂಬಂಧ?" ಬೆಂಟ್ಸನ್ ಗಡಿಯಾರ ನೋಡಿದ.

"ಇನ್ನೂ ಗೊತ್ತಿಲ್ಲ. ಸೈಕಲ್ ತಗೋ, ಬಾ. ದಾರೀಲಿ ಶಾಲೆಯಿಂದ ದಿಕ್ಸೂಚಿ ತಗೋಬೇಕು."

ಮೂರನೆಯ ಹುಲ್ಲುಗಾವಲಿನ ಬಳಿ ಮೇಷ್ಟ್ರು ಸೈಕಲ್ಲಿನಿಂದ ಇಳಿದರು. ಅದು ಆಕ್ಸೆಲ್‌ನದು. ಗೂಟಕ್ಕೆ ಕಟ್ಟಿದ ಒಂಬತ್ತು ಕೆಂಪು ಹಸುಗಳು. ಎಂಟು ತಲೆ ತಗ್ಗಿಸಿ ಮೇಯುತ್ತಿದ್ದವು. ಒಂಬತ್ತನೆಯದು ಹಗ್ಗವನ್ನು ಬಿಗಿಯಾಗಿ ಎಳೆದುಕೊಂಡು, ಉತ್ತರದಲ್ಲಿದ್ದ ಡಾಗ್ನಿಯ ಹೊಲದ ಕಡೆ ಮುಖ ಮಾಡಿ ನಿಂತಿತ್ತು. ಕಾಲಡಿಯ ಹುಲ್ಲನ್ನು ಮುಟ್ಟಿರಲಿಲ್ಲ.

ಆಕ್ಸೆಲ್ ಕೈ ಒರೆಸಿಕೊಳ್ಳುತ್ತ ಬಂದ. ಅವನೂ ಮೇಷ್ಟ್ರ ಶಿಷ್ಯನೇ, ವಿಗ್ಗೊನ ಬೆಂಚಿನವನೇ.

"ಹೊಸ ಹಸುವಾ, ಆಕ್ಸೆಲ್?"

"ಒಂಬತ್ತಿತ್ತು, ಒಂಬತ್ತಿದೆ. ಎಣಿಸೋಕೆ ಕಲಿಸಿದ್ದು ನೀವೇ ಅಲ್ವಾ ಮೇಷ್ಟ್ರೇ?"

"ಆ ಕೊನೆಯದರ ಕಿವೀಲಿ ಹಸಿ ಗಾಯ ಇದೆ."

"ಬಿಲ್ಲೆ ಬೇಲಿಗೆ ಸಿಕ್ಕಿ ಕಿತ್ಕೊಂಡ್ ಬಂತು. ಮತ್ತೆ ಹಾಕ್ದೆ. ನಂಬರ್ ನೋಡ್ಕೊಳ್ಳಿ, ನನ್ನದೇ."

ಬೆಂಟ್ಸನ್ ನೋಡಿದ. ನಂಬರು ಆಕ್ಸೆಲ್‌ನದೇ.

"ನಿನ್ನ ಹಸುಗಳಿಗೆ ಅಯಸ್ಕಾಂತ ನುಂಗಿಸಿದ್ದೀಯಾ?" ಮೇಷ್ಟ್ರು ಆಕಳಿಸುತ್ತ ಕೇಳಿದರು.

ಆಕ್ಸೆಲ್ ನಕ್ಕ. "ನಾನಾ? ಅದೆಲ್ಲ ಹೊಲದ ತುಂಬ ತಂತಿ ಚೆಲ್ಲೋ ಸೋಮಾರಿಗಳಿಗೆ. ನನ್ನ ಹುಲ್ಲುಗಾವಲು ತೊಳೆದಿಟ್ಟ ತಟ್ಟೆ ಇದ್ದಂಗಿದೆ. ಡೈರಿ ಸಭೇಲೂ ಹೇಳಿದೀನಿ: ಒಂದಕ್ಕೂ ಹಾಕಿಲ್ಲ, ಹಾಕೋದೂ ಇಲ್ಲ."

"ಬರ್ಕೋ, ಬೆಂಟ್ಸನ್."

ಮೇಷ್ಟ್ರು ದಿಕ್ಸೂಚಿಯನ್ನು ಅಂಗೈಯಲ್ಲಿಟ್ಟುಕೊಂಡು ಮೊದಲ ಹಸುವಿನ ಎಡಗಡೆ, ಮುಂಗಾಲಿನ ಹಿಂದೆ ಹೊಟ್ಟೆಗೆ ಒತ್ತಿ ಹಿಡಿದರು. ಮುಳ್ಳಿನ ಕೆಂಪು ತುದಿ ಉತ್ತರ ಬಿಟ್ಟು ಕದಲಲಿಲ್ಲ. ಎರಡನೆಯದು, ಮೂರನೆಯದು. ಎಂಟರವರೆಗೂ ಅದೇ.

ಒಂಬತ್ತನೆಯ ಹಸುವಿನ ಬಳಿ ಮುಳ್ಳು ನಡುಗಿತು. ಕಾಲು ಸುತ್ತು ತಿರುಗಿ, ಕಪ್ಪು ತುದಿಯನ್ನು ಹೊಟ್ಟೆಗೆ ಗುರಿಯಿಟ್ಟು ನಿಂತಿತು.

ಆಕ್ಸೆಲ್‌ನ ಮುಖ ಬಿಳಿಚಿತು. ಆದರೆ ಅವನು ದಡ್ಡನಲ್ಲ. "ತಂತಿ! ತಂತಿ ತಿಂದಿರ್ಬೇಕು. ಕಬ್ಬಿಣ ಕಂಡ್ರೂ ಮುಳ್ಳು ತಿರುಗುತ್ತಲ್ಲ? ನೀವೇ ಹೇಳ್ಕೊಟ್ಟಿದ್ದು!"

"ತೊಳೆದಿಟ್ಟ ತಟ್ಟೇಲಿ ತಂತಿ ಎಲ್ಲಿಂದ ಬಂತಪ್ಪಾ?" ಎಂದ ಬೆಂಟ್ಸನ್. ಆದರೂ ಅನುಮಾನದಿಂದ ಮೇಷ್ಟ್ರನ್ನು ನೋಡಿದ. "ಕಬ್ಬಿಣಕ್ಕೂ ತಿರುಗುತ್ತಾ?"

"ತಿರುಗುತ್ತೆ. ಹೇಳ್ಕೊಟ್ಟಿದ್ದೂ ನಿಜ." ಮೇಷ್ಟ್ರು ನಿಟ್ಟುಸಿರಿಟ್ಟರು. "ಅರ್ಧ ಪಾಠ ಕೇಳಿ ಕಿಟಕಿ ನೋಡ್ತಾ ಕೂತಿದ್ದೆ ನೀನು, ಆಕ್ಸೆಲ್. ಬೆಂಟ್ಸನ್, ಹಸುವಿನ ಮುಖ ಪಶ್ಚಿಮಕ್ಕೆ ತಿರುಗಿಸು."

ಹಸು ಗೊಣಗುತ್ತ ತಿರುಗಿತು. ಈಗ ಮೇಷ್ಟ್ರು ಅದರ ದಕ್ಷಿಣಕ್ಕೆ, ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದರು. ದಿಕ್ಸೂಚಿಯ ಕೆಂಪು ತುದಿ ಉತ್ತರವನ್ನು, ಅಂದರೆ ನೇರವಾಗಿ ಹೊಟ್ಟೆಯನ್ನು ನೋಡುತ್ತಿತ್ತು.

"ಬರೀ ಕಬ್ಬಿಣಕ್ಕೆ ಭೇದಭಾವ ಇಲ್ಲ. ಮುಳ್ಳಿನ ಯಾವ ತುದಿ ಹತ್ತಿರ ಬಂದ್ರೂ ಎಳ್ಕೊಳ್ಳುತ್ತೆ, ಯಾವತ್ತೂ ದೂಡಲ್ಲ. ಒಳಗಿರೋದು ತಂತಿ ಆದ್ರೆ, ಈ ಕೆಂಪು ತುದಿ ಅಲ್ಲೇ ಅಂಟ್ಕೊಂಡ ಹಾಗೆ ನಿಲ್ಲಬೇಕು. ಅಯಸ್ಕಾಂತಕ್ಕೆ ಎರಡು ಧ್ರುವ. ಬೇರೆ ಜಾತಿ ಧ್ರುವನ ಎಳೆಯುತ್ತೆ, ತನ್ನ ಜಾತಿಯದನ್ನ ದೂಡುತ್ತೆ. ಎಳೆದದ್ದು ಸಾಕ್ಷಿಯಲ್ಲ ಆಕ್ಸೆಲ್. ದೂಡಿದ್ದು ಸಾಕ್ಷಿ. ನೋಡು."

ದಿಕ್ಸೂಚಿಯನ್ನು ಮೆಲ್ಲಗೆ ಹತ್ತಿರ ತಂದರು. ಕೆಂಪು ತುದಿ ಅಳುಕಿತು, ಪಕ್ಕಕ್ಕೆ ಸರಿಯಿತು. ಆಮೇಲೆ ಅರ್ಧ ಸುತ್ತು ಹೊಡೆದು ಹಸುವಿಗೆ ಬೆನ್ನು ಹಾಕಿ ದಕ್ಷಿಣಕ್ಕೆ ಓಡಿತು.

"ಇದು ಸೋಫಿ," ಎಂದರು ಮೇಷ್ಟ್ರು. "ಕದ್ದವನು ನೀನು. ಯಾರ ಹತ್ರ ಒಂದು ಹೆಚ್ಚಿದೆ ಅಂತ ಬೆಂಟ್ಸನ್ ಹುಡುಕಿದ. ಯಾರ ಹತ್ರ ಮೊದಲೇ ಒಂದು ಕಡಿಮೆಯಾಗಿತ್ತು ಅಂತ ಕೇಳ್ಬೇಕಿತ್ತು. ನಿನ್ನ ಒಂಬತ್ತನೇದು ಏನಾಯ್ತು?"

ಆಕ್ಸೆಲ್ ಹುಲ್ಲಿನ ಮೇಲೆ ಕುಕ್ಕರಿಸಿದ. "ಸತ್ತುಹೋಯ್ತು. ಹತ್ತು ದಿನ ಆಯ್ತು. ಕೊಯ್ದು ನೋಡ್ದೆ... ಗುಂಡಿಗೇಲಿ ತಂತಿ. ನಮ್ಮದೇ ಬೇಲಿ ತಂತಿ. ಸಭೇಲಿ ಅಷ್ಟು ದೊಡ್ಡ ಮಾತಾಡಿದ್ನಲ್ಲ, ಯಾವ ಮುಖ ಇಟ್ಕೊಂಡು ಹೇಳ್ಲಿ? ಹೂತುಬಿಟ್ಟೆ. ಅದರ ಬಿಲ್ಲೆನೇ ಇದರ ಕಿವಿಗೆ ಹಾಕ್ದೆ."

"ವಿಗ್ಗೊನ ಹಿಡಿದಿದ್ದು ಗೊತ್ತಿತ್ತಾ?"



"ಗೊತ್ತಿತ್ತು," ಎಂದ ಆಕ್ಸೆಲ್. "ಅವನ ಮೇಲಾದ್ರೆ ಎಲ್ಲರೂ ನಂಬ್ತಾರೆ ಅಂದ್ಕೊಂಡೆ."

ಎರಡು ಗಂಟೆಗೆ ದೋಣಿ ಕೂಗಿತು. ಅದರಲ್ಲಿ ಬೆಂಟ್ಸನ್‌ನ ಪಕ್ಕ ಆಕ್ಸೆಲ್ ಕುಳಿತಿದ್ದ.

ಸೋಫಿಯನ್ನು ಕರೆದೊಯ್ಯಲು ಡಾಗ್ನಿಯೂ ವಿಗ್ಗೊನೂ ಬಂದರು. ಹಸು ವಿಗ್ಗೊನ ತೋಳು ನೆಕ್ಕಿತು. ಮೇಷ್ಟ್ರು ಸೈಕಲ್ ತಳ್ಳಿಕೊಂಡು ಅವರ ಜೊತೆ ನಡೆದರು. ಹತ್ತಿ ಕೂರುವ ಶಕ್ತಿ ಇರಲಿಲ್ಲ.

"ಅಯಸ್ಕಾಂತದ ಪಾಠ ನಿನಗಾದ್ರೂ ನೆನಪಿದೆಯಾ, ವಿಗ್ಗೊ?"

"ಇಲ್ಲ ಮೇಷ್ಟ್ರೇ. ಆ ದಿನ ನೀವು ನನ್ನ ಆಚೆ ನಿಲ್ಲಿಸಿದ್ರಿ."

"ಯಾಕೆ?" ಎಂದು ಕೇಳಿದರು. ಕೇಳುವಾಗಲೇ ಅವರಿಗೆ ಉತ್ತರ ಗೊತ್ತಿತ್ತು.

"ಶಾಲೆ ಅಯಸ್ಕಾಂತ ಕಳೆದಿತ್ತು. ನಾನೇ ಕದ್ದೆ ಅಂದ್ರಿ. ಅವತ್ತಿಂದ ಊರಲ್ಲಿ ಏನು ಕಳೆದ್ರೂ ನಾನೇ."

ಡಾಗ್ನಿ ತಿರುಗಿ ನೋಡಿದಳು. ಮೇಷ್ಟ್ರು ನಿಂತರು. ಇಪ್ಪತ್ತೆರಡು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು. ಅದನ್ನು ಹೊತ್ತು ಹೊತ್ತು ಅವರಿಗೆ ಸಾಕಾಗಿತ್ತು.

"ಅದು ಅವತ್ತು ಸಂಜೆ ನನ್ನ ಕೋಟಿನ ಜೇಬಲ್ಲೇ ಸಿಕ್ತು, ವಿಗ್ಗೊ. ನಾಚಿಕೆಯಾಗಿ ಹೇಳ್ಲಿಲ್ಲ."

ವಿಗ್ಗೊ ಹಗ್ಗವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ಗೊತ್ತು ಮೇಷ್ಟ್ರೇ," ಎಂದ. "ಮಾರನೇ ದಿನ ನಿಮ್ಮ ಮೇಜಿನ ಮೇಲೆ ನೋಡಿದ್ದೆ."